ಒಬ್ಬೊಬ್ಬರಿಗೆ ಹತ್ತು ಗೂಡು

ಹನ್ನೊಂದು ವರ್ಷದ ಹಿಂದೆ ಶಿಡ್ಲಘಟ್ಟದ ಒಂದು ಓಣಿಯಲ್ಲಿ, ಗೌತಮಿಯ ಮನೆ ಹೊಸ್ತಿಲಲ್ಲಿ ನಿಂತು ತನುಜ ಮಾತು ಕೊಟ್ಟಿದ್ದಳು. “ಮುಂದಿನ ಸಲ ಫಾರಂ ಮಾಡೋವಾಗ ನಿನ್ನ ಕಷ್ಟಕ್ಕೂ ಒಂದು ಸಾಲು ಹಾಕಿಸ್ತೀನಿ ಕಣಮ್ಮ. ನಾನಿರ್ತೀನಲ್ಲ.”

ಆಗ ಗೌತಮಿಯ ಮಡಿಲಲ್ಲಿ ಆರು ವಾರದ ಹೆಣ್ಣುಮಗು. ಬಸುರಿನಲ್ಲಿ ಬಿ.ಪಿ. ಏರಿ, ಹೆರಿಗೆಯ ದಿನ ಎರಡು ಸಲ ಫಿಟ್ಸ್ ಬಂದು, ಹೇಗೋ ಬದುಕಿ ಮನೆಗೆ ಬಂದವಳು. ತನುಜ ಸಂಶೋಧನೆಯೊಂದಕ್ಕೆ ಮನೆಮನೆ ತಿರುಗಿ ಮಾಹಿತಿ ಬರೆದುಕೊಳ್ಳುವ ನರ್ಸು. ಫಾರಂನ ಕೊನೆಯಲ್ಲಿ ಎರಡೇ ಪ್ರಶ್ನೆ: ತಾಯಿ ಬದುಕಿದ್ದಾಳೆಯೇ? ಮಗು ಬದುಕಿದೆಯೇ? ಎರಡಕ್ಕೂ ಟಿಕ್ ಹಾಕಿ ಎದ್ದರೆ ಗೌತಮಿ ಅವಳ ಸೆರಗು ಹಿಡಿದುಕೊಂಡಳು.

“ಅಕ್ಕ, ಗೂಡು ಆರಿಸಕ್ಕೆ ಆಗ್ತಿಲ್ಲ. ಕಣ್ಣು ಮಂಜು. ಕಲೆ ಬಿದ್ದಿದ್ದು ಯಾವುದು, ಒಳ್ಳೇದು ಯಾವುದು ತಿಳೀತಿಲ್ಲ. ಅದನ್ನೂ ಬರ್ಕೊಳ್ಳಿ.”

ರೇಷ್ಮೆ ಗೂಡು ಆರಿಸುವುದರಲ್ಲಿ ಆ ಬೀದಿಗೇ ಎತ್ತಿದ ಕೈ ಅವಳದು. ಆದರೆ ಫಾರಂನಲ್ಲಿ ಅದಕ್ಕೆ ಜಾಗವಿರಲಿಲ್ಲ. ತನುಜ ಅಂಚಿನಲ್ಲಿ ಪೆನ್ಸಿಲಿನಿಂದ ಗೀಚಿಕೊಂಡಳು. ಕಂಪ್ಯೂಟರಿಗೆ ತುಂಬುವವರು ಅಂಚನ್ನು ಓದುವುದಿಲ್ಲವೆಂದು ಅವಳಿಗೂ ಗೊತ್ತಿತ್ತು. ಅದಕ್ಕೇ ಆ ಮಾತು.

ಈಗ ತನುಜಳಿಗೆ ನಲವತ್ತೆರಡು. ಚಿಕ್ಕಬಳ್ಳಾಪುರದಲ್ಲಿ ಬಾಡಿಗೆ ಮನೆ, ಇಬ್ಬರು ಮಕ್ಕಳು, ಬೆಳಿಗ್ಗೆ ಐದಕ್ಕೆ ಎದ್ದರೂ ಮುಗಿಯದ ಕೆಲಸ. ಅವಳ ಬೀರುವಿನಲ್ಲಿ ಸೀರೆಗಿಂತ ಹಳೇ ಫಾರಂಗಳೇ ಹೆಚ್ಚು. ಇಷ್ಟು ವರ್ಷದಲ್ಲಿ ನಾಲ್ಕು ಅಧ್ಯಯನಕ್ಕೆ ದುಡಿದಿದ್ದಳು, ನಾಲ್ಕೂ ಬಸುರಿಯರ ಬಿ.ಪಿ. ಮೇಲೆ. ಫಾರಂ ಮಾತ್ರ ಪ್ರತಿ ಸಲವೂ ಬೇರೆಯವರು ಮಾಡಿ ಕಳಿಸಿದ್ದು, ಇವಳನ್ನು ಕೇಳಿದವರಿಲ್ಲ. ಗೌರಿಬಿದನೂರಿನಲ್ಲಿ ಫಿಟ್ಸ್ ಎಣಿಸಿದ್ದರು. ಚಿಂತಾಮಣಿಯಲ್ಲಿ ಆಸ್ಪತ್ರೆಯಲ್ಲಿ ಎಷ್ಟು ದಿನ ಮಲಗಿದ್ದರು ಅನ್ನುವುದನ್ನು. ಚಿಕ್ಕಬಳ್ಳಾಪುರದಲ್ಲಿ ಮಗುವಿನ ತೂಕ. ಶಿಡ್ಲಘಟ್ಟದಲ್ಲಿ ಸತ್ತರೋ ಬದುಕಿದರೋ, ಅಷ್ಟೇ. ಯಾವ ಮಾತ್ರೆ ವಾಸಿ ಅಂತ ನಾಲ್ಕನ್ನೂ ಒಟ್ಟಿಗೆ ಇಟ್ಟು ನೋಡೋಣವೆಂದರೆ ಒಂದನ್ನು ಸೇರಲ್ಲಿ ಅಳೆದಿದೆ, ಇನ್ನೊಂದನ್ನು ಗಜದಲ್ಲಿ. ಎರಡು ಸಾವಿರದ ಚಿಲ್ಲರೆ ಹೆಂಗಸರ ಕಷ್ಟ, ಇವಳ ಬಸ್ಸಿನ ಓಡಾಟ, ಎಲ್ಲಾ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಗಿತ್ತು.

ಹಾಗಾಗಿ ಬೆಂಗಳೂರಿನ ಡಾಕ್ಟರ್ ಶ್ರೀಕರ್ ಫೋನು ಮಾಡಿ, “ತನುಜ ಅವರೇ, ಇನ್ಮೇಲೆ ಎಲ್ಲಾ ಅಧ್ಯಯನಗಳೂ ಒಂದೇ ಥರ ಅಳೀಬೇಕು, ಅದಕ್ಕೊಂದು ಪಟ್ಟಿ ಮಾಡ್ತಿದೀವಿ, ಏನೇನು ಮುಖ್ಯ ಅಂತ ಹೆಂಗಸರನ್ನೂ ಕೇಳ್ತೀವಿ” ಅಂದಾಗ ಅವಳಿಗೆ ಆದ ಖುಷಿ ಅಷ್ಟಿಷ್ಟಲ್ಲ. ಅವರು ಕಳಿಸಿದ ಕರಡಿನಲ್ಲಿ ಇಪ್ಪತ್ತೊಂದು ಸಾಲಿತ್ತು. ಹಟ ಮಾಡಿ ಇಪ್ಪತ್ತೆರಡನೆಯದು ಸೇರಿಸಿದಳು: ‘ತಾಯಿ ಮೊದಲು ಮಾಡುತ್ತಿದ್ದ ಕೆಲಸಕ್ಕೆ ಮರಳಬಲ್ಲಳೇ?’ ಪ್ರತಿ ಸಾಲಿಗೂ ಹೆಂಗಸರು ಒಂದರಿಂದ ಒಂಬತ್ತರವರೆಗೆ ಅಂಕ ಕೊಡಬೇಕು. ಅಂಕ ಹೆಚ್ಚು ಬಂದವು ಉಳಿಯುತ್ತವೆ.

ಪೆರೇಸಂದ್ರದಲ್ಲಿ ಎಲ್ಲರೂ ಎಲ್ಲದಕ್ಕೂ ಒಂಬತ್ತು ಕೊಟ್ಟರು. ಗೌರಿಬಿದನೂರಿನಲ್ಲೂ ಅದೇ ಹಾಡು.

“ಹಂಗಲ್ಲಮ್ಮ, ಯಾವುದಕ್ಕಾದ್ರೂ ಕಮ್ಮಿ ಕೊಡಿ” ಅಂದರೆ, “ಮಗು ವಿಷಯಕ್ಕೆ ಕಮ್ಮಿ ಕೊಡ್ತಾರಾ ಮೇಡಂ? ಬಾಯಿ ಬರುತ್ತಾ?” ಅಂತ ಇವಳನ್ನೇ ಗದರಿದರು. ಕೈವಾರದಲ್ಲಿ ಒಬ್ಬಳು ಯಾವುದಕ್ಕೋ ಎಂಟು ಅಂದಳು. ಪಕ್ಕದಲ್ಲಿದ್ದ ಅತ್ತೆ, “ಏಮೇ, ನಿಮ್ಮಪ್ಪನ ಮನೆ ಗಂಟು ಹೋಗ್ತದಾ ಒಂದು ಹೆಚ್ಚಿಗೆ ಕೊಟ್ರೆ?” ಅಂದದ್ದೇ ತಡ, ಅದೂ ಒಂಬತ್ತಾಯಿತು.

“ಎಲ್ಲಕ್ಕೂ ಒಂಬತ್ತು ಅಂದ್ರೆ ಅದು ಉತ್ತರ ಅಲ್ಲ” ಅಂದರು ಶ್ರೀಕರ್.

“ಅವರಿಗೆ ಅದೇ ಉತ್ತರ ಸಾರ್.”

“ಹಾಗಾದ್ರೆ ಹೆಂಗಸರ ಅಂಕ ಬಿಟ್ಟು ಡಾಕ್ಟರುಗಳ ಅಂಕದಲ್ಲೇ ಪಟ್ಟಿ ಮಾಡ್ಬೇಕಾಗುತ್ತೆ. ಶಿಡ್ಲಘಟ್ಟ ಒಂದು ಉಳಿದಿದೆ. ನೋಡಿ.”

ಡಾಕ್ಟರುಗಳು ಇಪ್ಪತ್ತೆರಡನೆಯ ಸಾಲಿಗೆ ಮೂರು ಕೊಟ್ಟಿದ್ದರು.

ಶಿಡ್ಲಘಟ್ಟದಲ್ಲಿ ಹೆಂಗಸರು ಸೇರಿದ್ದು ನೂಲು ತೆಗೆಯುವ ಶೆಡ್ಡಿನ ಹಿಂದಿನ ಜಗಲಿಯಲ್ಲಿ. ಎಂಟು ಜನ, ಎಲ್ಲರೂ ಬಿ.ಪಿ.ಯ ಹೆರಿಗೆ ಕಂಡವರು. ಮುಂದೆ ಮೊರ ಇಟ್ಟುಕೊಂಡು ಗೂಡು ಆರಿಸುತ್ತಲೇ ಮಾತು. ಅವರಲ್ಲಿ ಗೌತಮಿಯೂ ಒಬ್ಬಳು, ಕೈಯಲ್ಲಿ ಪೊರಕೆ. ಈಗ ಅವಳು ಅಲ್ಲಿ ಗುಡಿಸುವ ಕೆಲಸದವಳು.

ಅವರ ಕೈಗಳು ಸರಸರನೆ ಆಡುವುದನ್ನು ನೋಡುತ್ತಿದ್ದ ತನುಜಳಿಗೆ ಒಂದು ಉಪಾಯ ಹೊಳೆಯಿತು. ಅಂಕದ ಹಾಳೆ ಮಡಚಿಟ್ಟಳು. ಆ ಎಂಟು ಜನರಲ್ಲೇ ಒಬ್ಬಳಾದ, ಆರಿಸುವವರ ಮೇಸ್ತ್ರಿ ಗಂಗುಲಮ್ಮನನ್ನು ಕೇಳಿ ಸ್ಟೀಲ್ ಬಟ್ಟಲು ತರಿಸಿ, ಎದ್ದು ಕಂಡ ಐದು ಸಾಲಿಗೆ ಒಂದೊಂದರಂತೆ ಇಟ್ಟು, ಯಾವುದು ಏನೆಂದು ಹೇಳಿದಳು: ಮಗು ಬದುಕುವುದು, ತಾಯಿ ಬದುಕುವುದು, ಫಿಟ್ಸ್, ಆಸ್ಪತ್ರೆಯಲ್ಲಿ ಮಲಗಿದ ದಿನ, ಕೆಲಸಕ್ಕೆ ಮರಳುವುದು. ಒಬ್ಬೊಬ್ಬರಿಗೆ ಹತ್ತು ಗೂಡು.

“ಇರೋದು ಹತ್ತೇ. ಎಲ್ಲಿ ಮುಖ್ಯವೋ ಅಲ್ಲಿ ಜಾಸ್ತಿ ಹಾಕಿ.”

“ಇದೇನಮ್ಮ, ಚೌಕಾಬಾರ ಆಡಿಸ್ತಿದೀಯ?” ಅಂದಳು ಗಂಗುಲಮ್ಮ. “ಆಮೇಲೆ ವಾಪಸ್ ಮೊರಕ್ಕೆ ಬೀಳ್ಬೇಕು ನೋಡು. ಒಂದು ಕಮ್ಮಿಯಾದ್ರೂ ನಿನ್ನ ಬ್ಯಾಗ್ ಜಾಲಾಡ್ತೀನಿ.”

ಎಲ್ಲರೂ ನಕ್ಕರು. ಆದರೆ ಗೂಡುಗಳೆಲ್ಲ ಒಂದೇ ಕಡೆ ಬಿದ್ದವು: ‘ಮಗು ಬದುಕುವುದು’. ಗೌತಮಿ ಬಟ್ಟಲುಗಳ ಮೇಲೆ ಕೈಯಾಡಿಸಿ ಎಣಿಸಿ, ಅವಳೂ ಹತ್ತನ್ನೂ ಅಲ್ಲಿಗೇ ಸುರಿದಳು.

ತನುಜಳಿಗೆ ರೇಗಿತು. “ಗೌತಮಿ, ಹನ್ನೊಂದು ವರ್ಷದಿಂದ ಕೇಳ್ತಿರೋಳು ನೀನು! ನಿನ್ನ ಬಟ್ಟಲು ಇಲ್ಲೇ ಇದೆ. ಒಂದಾದ್ರೂ ಹಾಕ್ಬಾರದಾ?”

“ನೀವು ಕೇಳೋದು ಹೆಂಗಿದೆ ನೋಡಿ ಅಕ್ಕ” ಅಂದಳು ಗೌತಮಿ. “ಮಗೂನ ಮುಂದಿಟ್ಟು, ಅದರ ಪಕ್ಕ ನನ್ನ ಕಣ್ಣಿಟ್ಟು, ಯಾವುದು ಬೇಕು ಅಂತೀರ. ನಾಲ್ಕು ಜನರೆದುರು ಯಾವ ತಾಯಿ ತನ್ನದಕ್ಕೆ ಹಾಕ್ಕೋತಾಳೆ?”

ತನುಜ ಮಗುವಿನ ಬಟ್ಟಲು, ‘ತಾಯಿ ಬದುಕುವುದು’ ಅನ್ನುವ ಬಟ್ಟಲು ಎರಡನ್ನೂ ಎತ್ತಿ ಹಿಂದಕ್ಕಿಟ್ಟು, ಗೂಡುಗಳನ್ನು ಮತ್ತೆ ಹಂಚಿದಳು.

“ಇಬ್ಬರೂ ಬದುಕಿದ್ರು ಅಂತಲೇ ಇಟ್ಕೊಳ್ಳಿ. ಮನೆಗೂ ಬಂದ್ರಿ. ಈಗ ಹೇಳಿ.”

ಈ ಸಲ ಯಾರೂ ನಗಲಿಲ್ಲ. ಗಂಗುಲಮ್ಮ ಎಲ್ಲರಿಗಿಂತ ಮೊದಲು ಏಳು ಗೂಡನ್ನು ‘ಕೆಲಸಕ್ಕೆ ಮರಳುವುದು’ ಬಟ್ಟಲಿಗೆ ಹಾಕಿದಳು. “ಇವಳ ಕೈಯಿಂದ ಮೊರ ಕಿತ್ಕೊಂಡು ಪೊರಕೆ ಕೊಟ್ಟೋಳು ನಾನೇ ಅಲ್ವಾ” ಅಂದಳು ಸಣ್ಣಗೆ. ಗೌತಮಿ ಹತ್ತನ್ನೂ ಹಾಕಿದಳು, ಒಂದೊಂದಾಗಿ. ಎಂಬತ್ತರಲ್ಲಿ ಐವತ್ತಮೂರು ಆ ಬಟ್ಟಲಿಗೆ ಬಿದ್ದಿದ್ದವು.

ವಾಪಸ್ ಬರುವಾಗ ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ಮಗಳು ಫೋನು ಮಾಡಿ, “ಅಮ್ಮಾ, ಅನ್ನಕ್ಕೆ ಎಷ್ಟು ನೀರು?” ಅಂದಳು. ತನುಜ ನಿಂತಲ್ಲೇ ಹೇಳಿ ಇಟ್ಟಳು. ಮರುದಿನ ಎರಡೂ ಸುತ್ತಿನ ಲೆಕ್ಕ, ಫೋಟೋ, ಗೌತಮಿ ಅಂದ ಮಾತು, ಯಾವುದನ್ನೂ ಮುಚ್ಚಿಡದೆ ಬರೆದು ಕಳಿಸಿದಳು.

ಮೂರು ವಾರಕ್ಕೆ ಆನ್‌ಲೈನಿನಲ್ಲಿ ಕೊನೆಯ ಸಭೆ. ಪರದೆ ತುಂಬ ಮುಖಗಳು.

“ಎರಡನೇ ಸುತ್ತು ಸ್ವಾರಸ್ಯವಾಗಿದೆ” ಅಂದರು ಶ್ರೀಕರ್. “ಆದರೆ ವಿಧಾನವನ್ನ ಮಧ್ಯದಲ್ಲಿ ಬದಲಾಯಿಸಿದ್ದೀರಿ. ಒಂದರಿಂದ ಒಂಬತ್ತು ಅಂತ ಮೊದಲೇ ಬರೆದುಕೊಟ್ಟಿದ್ದೇವೆ. ಬಟ್ಟಲು, ಗೂಡು ಅಂದ್ರೆ ಯಾರು ಒಪ್ತಾರೆ?”

“ಒಂಬತ್ತರ ಲೆಕ್ಕ ಇಲ್ಲಿ ನಡೆಯಲ್ಲ ಸಾರ್. ಅದನ್ನೇ ತಾನೇ ನೀವೂ ಹೇಳಿದ್ದು?”

“ಸರಿ, ಗೂಡನ್ನೇ ಲೆಕ್ಕಕ್ಕೆ ತಗೊಂಡ್ರೂ, ಮೊದಲನೇ ಸುತ್ತಲ್ಲಿ ಆ ಸಾಲಿಗೆ ಬಿದ್ದಿದ್ದು ಸೊನ್ನೆ. ಗೌತಮಿ ಅನ್ನೋರು ತಮ್ಮ ತೊಂದರೆಗೆ ತಾವೇ ಸೊನ್ನೆ ಕೊಟ್ಟಿದ್ದಾರೆ. ನೀವೇ ಬರೆದಿದ್ದೀರಲ್ಲ?”

“ಯಾಕೆ ಕೊಟ್ಟಳು ಅಂತಾನೂ ಬರೆದಿದ್ದೀನಿ. ಕೆಳಗೇ ಇದೆ, ಓದಿ.”

ಯಾರೋ ಕೆಮ್ಮಿದರು. ಇನ್ನು ಯಾರೋ ಸಮಯ ಮೀರುತ್ತಿದೆ ಅಂದರು. ಶ್ರೀಕರ್ ಮೆತ್ತಗೆ, “ಮುಂದೆ ಪರಿಶೀಲಿಸಬಹುದಾದ ವಿಷಯ ಅಂತ ಟಿಪ್ಪಣೀಲಿ ಸೇರಿಸೋಣ” ಅಂದು ಮುಂದಿನ ಸಾಲಿಗೆ ಹೋದರು.

ಟಿಪ್ಪಣಿ ಅಂದರೆ ಅಂಚು. ಈ ಸಲ ಪೆನ್ಸಿಲ್ ಅಲ್ಲ, ಅಚ್ಚು, ಅಷ್ಟೇ ವ್ಯತ್ಯಾಸ.

ಭಾನುವಾರ ತನುಜ ಶಿಡ್ಲಘಟ್ಟಕ್ಕೆ ಹೋದಳು. ಗೌತಮಿ ಜಗಲಿ ಗುಡಿಸುತ್ತಿದ್ದವಳು ಚಪ್ಪಲಿ ಸದ್ದಿಗೇ ಗುರುತು ಹಿಡಿದಳು.

“ಬಂತಾ ಅಕ್ಕ, ನಂದು?”

“ಇಲ್ಲ ಕಣಮ್ಮ.”

ಗೌತಮಿ ತಲೆಯಾಡಿಸಿ, ಉಳಿದಿದ್ದ ಮೂಲೆ ಗುಡಿಸಲು ಹೋದಳು.

ಪಟ್ಟಿಯಲ್ಲಿ ಹನ್ನೊಂದು ಸಾಲು ಉಳಿಯಿತು. ಗೌತಮಿಯ ಸಾಲು ಅದರಲ್ಲಿಲ್ಲ. ತನುಜ ಕೊಟ್ಟ ಮಾತು ನಡೆಯಲಿಲ್ಲ.