ಮುಂಡಪ್ಪನ ಹುಬ್ಬಿನ ಕಲೆ

ಆ ದಿನ ಬೆಳಿಗ್ಗೆ ಲಾಯಿಲದಲ್ಲಿ ಮಳೆ ಬಿಟ್ಟು ಬಿಸಿಲು ಕಾಯುತ್ತಿತ್ತು. ಆಟಿ ತಿಂಗಳ ಬಿಸಿಲಿಗೆ ಆನೆಯ ಬೆನ್ನೂ ಒಡೆದೀತು ಎನ್ನುತ್ತಾರಲ್ಲ, ಅಂಥದ್ದು. ನಿಝಾಮುದ್ದೀನ್ ತನ್ನ ಫೋಟೋ ಸ್ಟುಡಿಯೋದ ಶಟರ್ ಎತ್ತಿ, ಬಿಸ್ಮಿ ಹೇಳಿ ಕಂಪ್ಯೂಟರ್ ಹಾಕುವಷ್ಟರಲ್ಲಿ ಕಾಂತಿಯಕ್ಕ ಕೊಡೆ ಮಡಚುತ್ತ ಒಳಗೆ ಬಂದರು.

"ಆಯ್ತಾ ನಿಝಾಮಾ? ನಾಳೆ ತೀರಿಹೋದ ಹಿರಿಯರಿಗೆ ಬಡಿಸ್ಲಿಕ್ಕುಂಟು. ಎಲೆಯ ಎದುರು ಇವರ ಫೋಟೋ ಇಡ್ಬೇಕು."

"ನೋಡಿ ಅಕ್ಕ, ಮದುಮಗನ ಹಾಗೆ ಮಾಡಿದ್ದೇನೆ," ಎಂದು ಅವನು ಪರದೆಯನ್ನು ಅವರತ್ತ ತಿರುಗಿಸಿದ.

ಕಾಂತಿಯಕ್ಕನ ಗಂಡ ಮುಂಡಪ್ಪ ತೀರಿಕೊಂಡು ವರ್ಷವಾಗಿತ್ತು. ಉಳಿದದ್ದು ಗಾಜಿಗೆ ಅಂಟಿ ಬೂಷ್ಟು ಹಿಡಿದ ಒಂದೇ ಫೋಟೋ. ಕೊಡುವಾಗ ಅವರು ಹೇಳಿದ್ದೂ ಒಂದೇ ಮಾತು: "ಹುಬ್ಬಿನ ಕಲೆಯೊಂದು ಸರಿ ಮಾಡು." ನಿಝಾಮುದ್ದೀನ್ ಅದನ್ನು ಸ್ಕ್ಯಾನ್ ಮಾಡಿ, ಕಂಪ್ಯೂಟರಿನಲ್ಲಿ ಬೂಷ್ಟಿನ ಜೊತೆಗೆ ಹುಬ್ಬನ್ನು ಸೀಳಿದ್ದ ಗೆರೆಯನ್ನೂ ಪಕ್ಕದ ಚರ್ಮ ತಂದು ಮುಚ್ಚಿದ್ದ.

ಕಾಂತಿಯಕ್ಕ ಮೂಗು ತಾಗುವಷ್ಟು ಬಾಗಿದರು. "ಇದು ಯಾರು?"

"ನಮ್ಮ ಮುಂಡಪ್ಪಣ್ಣ!"

"ಕಲೆ ಎಲ್ಲಿ?"

"ತೆಗೆದೆ. ನೀವೇ ಹೇಳಿದ್ದಲ್ವಾ, ಸರಿ ಮಾಡು ಅಂತ?"

"ಸರಿಯಾಗಿ ಕಾಣುವ ಹಾಗೆ ಮಾಡು ಅಂತ ಮಾರಾಯ! ಬೂಷ್ಟು ತಿಂದು ಅರ್ಧ ಹೋಗಿತ್ತಲ್ಲ." ಅವರ ಸ್ವರ ಇಳಿಯಿತು. "ಆ ಕಲೆ ನಾನೇ ಮಾಡಿದ್ದು. ಶಾಲೆಗೆ ಹೋಗುವಾಗ ಮಾವಿನಕಾಯಿಗೆ ಬಿಸಾಡಿದ ಕಲ್ಲು ಇವರಿಗೆ ಬಿತ್ತು. ಮದುವೆಯಾದ ಮೇಲೆ ಬಂದವರಿಗೆಲ್ಲ ತೋರಿಸಿ ನಗ್ತಿದ್ರು. ಇದನ್ನು ಇಟ್ರೆ ನಾಳೆ ಉಣ್ಲಿಕ್ಕೆ ಬಂದ ಇವರೇ, ಇದು ಯಾರ ಮನೆಯೋ ಅಂತ ವಾಪಸ್ ಹೋಗ್ತಾರೆ."

"ಅದಕ್ಕೇನಕ್ಕ, ಹಿಂದೆ ಹೋಗುವ."

ಮಾಡಿದ್ದನ್ನೆಲ್ಲ ಒಂದೊಂದಾಗಿ ಕಳಚುತ್ತ ಹಿಂದೆ ಬರಬಹುದು, ಕಂಪ್ಯೂಟರಿನಲ್ಲಿ ತಪ್ಪು ಎಂಬುದೇ ಇಲ್ಲ ಎಂದು ಊರಿಗೆಲ್ಲ ಹೇಳಿಕೊಂಡು ಬಂದವನು ಅವನೇ. ಹಿಸ್ಟರಿಯ ಪಟ್ಟಿ ತೆರೆದ. ಅಲ್ಲಿದ್ದದ್ದು ಒಂದೇ ಸಾಲು: ಓಪನ್. ನಿನ್ನೆ ಕೆಲಸ ಮುಗಿಸಿ, ಹಳೆಯದರ ಮೇಲೆಯೇ ಸೇವ್ ಮಾಡಿ ಮುಚ್ಚಿದ್ದ. ಮುಚ್ಚಿದ ಮೇಲೆ ಹಿಂದಿನ ದಾರಿ ಉಳಿಯುವುದಿಲ್ಲ.

"ಆಗುದಿಲ್ವಾ? ನಾನು ಕೊಟ್ಟದ್ದು ಉಂಟಲ್ಲ, ಅದರಿಂದ ಇನ್ನೊಮ್ಮೆ ತೆಗಿ."

ನಿಝಾಮುದ್ದೀನನ ಕಣ್ಣು ಕಪಾಟಿನತ್ತ ಹೋಯಿತು. ಹೊಸ ಕಟ್ಟು ಹಾಕಿಸಿ ಕೊಡುವ ಉಮೇದಿನಲ್ಲಿ, ಯಾರೂ ಹೇಳದೆ, ಅವನು ಫೋಟೋವನ್ನು ಗಾಜಿನಿಂದ ಎಬ್ಬಿಸಲು ಹೋಗಿದ್ದ. ಮುಖ ಚಕ್ಕೆ ಚಕ್ಕೆಯಾಗಿ ಹರಿದಿತ್ತು. ಕಂಪ್ಯೂಟರಿನಲ್ಲಿ ಉಂಟಲ್ಲ ಎಂದು ತನ್ನನ್ನು ತಾನೇ ಸಮಾಧಾನ ಮಾಡಿಕೊಂಡಿದ್ದ.

"ಕೂತ್ಕೊಳ್ಳಿ, ಈಗ ಮಾಡಿ ಕೊಡ್ತೇನೆ," ಎಂದವನೇ ಪರದೆಯಲ್ಲಿ ಬ್ರಷ್ ತೆಗೆದು ಹುಬ್ಬಿನ ಹತ್ತಿರ ತಂದ. ಕೈ ನಿಂತಿತು. "ಎಡದ್ದಾ, ಬಲದ್ದಾ ಅಕ್ಕ?"

ಕಾಂತಿಯಕ್ಕ ಪರದೆ ಬಿಟ್ಟು ಅವನತ್ತ ತಿರುಗಿದರು. ಅವನನ್ನೇ ನೋಡುತ್ತ ಕುಳಿತರು. ಬೈದಿದ್ದರಾದರೂ ಆಗುತ್ತಿತ್ತು. ದೇವರು ಇವರ ಕಲ್ಲಿನಿಂದ ಒಬ್ಬನ ಮುಖದಲ್ಲಿ ಬರೆಸಿದ್ದನ್ನು ತಾನು ಕೊಳೆಯೆಂದು ಒರೆಸಿದ್ದಲ್ಲದೆ, ಅದು ಎಲ್ಲಿತ್ತೆಂಬುದನ್ನೂ ಮರೆತಿದ್ದ.

ಅವನು ಮೌಸ್ ಬಿಟ್ಟು ಎದ್ದ. ಕಪಾಟಿನ ಹಿಂದೆ ತಾನೇ ಅಡಗಿಸಿಟ್ಟಿದ್ದ ಪೇಪರಿನ ಪೊಟ್ಟಣ ತೆಗೆದು ಬಿಚ್ಚಿದ. ಗಾಜು, ಗಾಜಿಗಂಟಿದ ತುಣುಕುಗಳು, ಹರಿದ ಕಾಗದ. ತಲೆ ತಗ್ಗಿಸಿ ಎರಡೂ ಕೈಯಲ್ಲಿ ಅದನ್ನು ಮುಂದೆ ಚಾಚಿದ.

ಕಾಂತಿಯಕ್ಕ ಒಂದು ಚೂರೂ ಕೆಳಗೆ ಬೀಳದ ಹಾಗೆ ಸೆರಗು ಒಡ್ಡಿ ತೆಗೆದುಕೊಂಡರು.