ಗಾಜಿನಲ್ಲಿ ಕನಕಾಂಬರ

ಬೆನ್ನು ಜಾರಿತು, ಬಿದ್ದೆ ಅಂದುಕೊಂಡರೆ ಬೀಳಲಿಲ್ಲ, ಸೀಟೇ ಅವಳನ್ನು ಹೊತ್ತುಕೊಂಡು ತೊಟ್ಟಿಲಿನ ಹಾಗೆ ಹಿಂದಕ್ಕೆ ಬಾಗಿತು — ಜಗದಾಂಬ ಬೆಚ್ಚಿ ಕಣ್ಣು ಬಿಟ್ಟಳು, ಕಿಟಕಿಗೆ ನೀಲಿ ಪರದೆ, ತಲೆಯ ಹಿಂದೆ ಬಿಳಿ ಬಟ್ಟೆ, ಎಲ್ಲೋ ಮೆಲ್ಲಗೆ ಟೇಪು ಹಾಡುತ್ತಿದೆ, ಬೆಂಗಳೂರು ಬಿಟ್ಟು ಇಷ್ಟು ದೂರ ಬಂದರೂ ಸೊಂಟ ನೊಂದಿಲ್ಲ, ಪಾವಗಡಕ್ಕೆ ಹೊಸದಾಗಿ ಬಿಟ್ಟ ಲಕ್ಷುರಿ ಬಸ್ಸು ಅಂದರೆ ಇದೇ ಏನು, ಇದೇ ದಾರಿಯಲ್ಲಿ ಕೆಂಪು ಬಸ್ಸಿನ ಹಿಂದಿನ ಸೀಟಿನಲ್ಲಿ ಎಗರಿ ಎಗರಿ ತಲೆ ಕುಟ್ಟಿಸಿಕೊಂಡವಳು ತಾನು, ಅದೂ ಪಕ್ಕದಲ್ಲಿ ಕೂತಿರುವ ಈ ಮರುಳಸಿದ್ದಯ್ಯನವರ ಜೊತೆಗೇ, ಗಂಡನ ಅಣ್ಣ, ಕಾಲು ಗಟ್ಟಿಯಾಗಿರೋರಿಗೆ ಮೆತ್ತನೆ ಸೀಟ್ಯಾಕಮ್ಮ ಅನ್ನುವ ಭಾವ, ಇವತ್ತು ಅವರೇ ಕಿಟಕಿ ಪಕ್ಕ ಕೂರಿಸಿ ಗುಂಡಿ ಒತ್ತಿ ಒರಗಿಸಿದ್ದಾರೆ. ತಂಗಿಯ ಬಾಣಂತನಕ್ಕೆ ಬೆಂಗಳೂರಿಗೆ ಬಂದಿದ್ದವಳು ಅವಳು, ಬೆಳಗಾಗುತ್ತಲೇ ಬಾಗಿಲಲ್ಲಿ ಭಾವ, ತಮ್ಮಂಗೆ ಒಸಿ ಜ್ವರ, ನಿನ್ನ ನೋಡ್ಬೇಕಂತವ್ನೆ, ಅಷ್ಟೇಯ, ಗಾಬರಿ ಬ್ಯಾಡ. ಜ್ವರಕ್ಕೆ ಲಕ್ಷುರಿ ಬಸ್ಸೇ ಅಂತ ಒಳಗೇ ನಕ್ಕಿದ್ದಳು, ಜ್ವರ ಬಂದರೆ ಮನೆಯವರು ಮಗುವಿನ ಹಾಗೆ, ಕಷಾಯ ಬ್ಯಾಡ, ಕಂಬಳಿ ಬ್ಯಾಡ, ನೀನು ಇಲ್ಲೇ ಕುಂತ್ಕೊ ಅನ್ನುತ್ತಾರೆ, ಸುಡುವ ಪಾದ ತಂದು ಅವಳ ಮಡಿಲಲ್ಲಿಡುತ್ತಾರೆ — ಹೊರಡುವ ಮೊದಲು ಭಾವ ಎದುರಿಗೇ ನಿಂತು ಉಣ್ಣಿಸಿದರು, ಇನ್ನೊಂದು ತುತ್ತು, ಮೊಸರು ಹಾಕ್ಕೊ, ದಾರಿ ದೂರ, ಹಸಿ ಬಾಣಂತಿ ತಂಗಿ ಹಾಸಿಗೆ ಬಿಟ್ಟೆದ್ದು ಬಂದು ಬಡಿಸಿದಳು, ಅವಳ ಕೈಯ ಸೌಟು ತಟ್ಟೆಗೆ ತಾಗಿ ಟಕಟಕ ಅಂದಿತು, ಪಾಪ, ಮೈಯಲ್ಲಿ ಇನ್ನೂ ಶಕ್ತಿ ಬಂದಿಲ್ಲ ಅಂದುಕೊಂಡಳು.

ಕೊರಟಗೆರೆಯಲ್ಲಿ ಬಸ್ಸು ನಿಂತಾಗ ಭಾವ ಇಳಿದುಹೋಗಿ ಬಂದರು, ಬಾಳೆಹಣ್ಣು, ಎಲೆಯಲ್ಲಿ ಕನಕಾಂಬರ, ಒಂದು ಮೊಳವಲ್ಲ, ಬೊಗಸೆ ತುಂಬ, ಮುಡ್ಕೊಳಮ್ಮ ಅಂದರು, ಮುಖ ನೋಡದೆ. ತಮ್ಮನ ಹೆಂಡತಿಗೆ ಹೂವು ತರುವ ಭಾವ ಯಾವ ಸೀಮೆಯಲ್ಲಿದ್ದಾನೆ, ನಾಚಿಕೆಯಾಯಿತು, ತಲೆ ತಗ್ಗಿಸಿಯೇ ಮುಡಿದಳು. ಬಸ್ಸು ಹೊರಟಿತು, ಪರದೆ ಸರಿಸಿದಳು, ಹುಣಸೆಮರದ ನೆರಳು ಬಂದಾಗ ಗಾಜಿನಲ್ಲಿ ಅವಳ ಮುಖ, ಕಿವಿಯ ಹಿಂದೆ ಕೆಂಡದಂಥ ಕನಕಾಂಬರ, ಮರ ದಾಟಿತು, ಬಿಸಿಲು, ಮುಖವೂ ಇಲ್ಲ ಹೂವೂ ಇಲ್ಲ, ಇನ್ನೊಂದು ಮರ, ಮತ್ತೆ ಹೂವು, ಚೆನ್ನಾಗಿದೆ ಆಟ, ಮನೆಗೆ ಹೋಗಿ ಅವರಿಗೆ ಹೇಳಬೇಕು. ಭಾವ, ನೀವೂ ಒಂದು ಹಣ್ಣು ತಿನ್ನಿ, ಬೆಳಗ್ಗೆಯಿಂದ ಏನೂ ಮುಟ್ಟಿಲ್ಲ ಅಂದಳು. ಬ್ಯಾಡ ಕಣಮ್ಮ, ಸ್ನಾನ ಮಾಡ್ಕಂಡು ಉಣ್ತೀನಿ ಅಂದರು, ಅಂದವರು ತುಟಿ ಕಚ್ಚಿಕೊಂಡರು. ಸ್ನಾನ — ತಂಗಿಯ ಮನೆಯ ನಲ್ಲಿಯಲ್ಲಿ ಬೆಳಗ್ಗೆಯೇ ಆಯಿತಲ್ಲ, ಪೂಜೆಯೂ ಆಯಿತು, ಹಣೆಯ ವಿಭೂತಿ ಇನ್ನೂ ಮಾಸಿಲ್ಲ, ಮತ್ತೆ ಯಾವ ಸ್ನಾನ — ಈಗ ಕಮಲಾಕ್ಷಮ್ಮ ಯಾಕೆ ನೆನಪಾಗಬೇಕು, ಪಕ್ಕದ ಮನೆಯ ಕಮಲಾಕ್ಷಮ್ಮ, ಅವಳ ಗಂಡ ಸಿರಾ ಸಂತೆಯಲ್ಲಿ ಕುಸಿದುಬಿದ್ದು ಹೋದ ದಿನ, ಈಗ್ಲೇ ಹೇಳ್ಬ್ಯಾಡಿ, ಮೊದ್ಲು ಉಣ್ಲಿ, ಮಣ್ಣಾಗಗಂಟ ಬಾಯಿಗೆ ಹನಿ ನೀರು ಇಳಿಯಕಿಲ್ಲ ಅಂದಿದ್ದರು ಹಿರಿಯರು, ಮುದ್ದೆ ಬಡಿಸಿದವಳು ಜಗದಾಂಬಳೇ, ಇನ್ಮುಂದೆ ಎಲ್ಲೈತೆ ಅವಳಿಗೆ, ಮುಡಿಸೇ ಅಂತ ಅತ್ತೆ ಹಿತ್ತಲಲ್ಲಿ ಪಿಸುಗುಟ್ಟಿದ್ದಕ್ಕೆ ಹೂವು ಮುಡಿಸಿದವಳೂ ಅವಳೇ, ಕಮಲಾಕ್ಷಮ್ಮ ನಗುನಗುತ್ತಾ ಉಂಡಳು, ಏನೇ ಜಗದಾಂಬ, ಇವತ್ತು ಇಷ್ಟು ಉಪಚಾರ, ನಂಗೇನು ಇನ್ನೊಂದು ಮದುವೆ ಮಾಡ್ತೀಯಾ ಹೆಂಗೆ — ಮೊಸರನ್ನ, ಬೊಗಸೆ ಹೂವು, ಮೆತ್ತನೆಯ ಸೀಟು — ಭಾವ, ಅವರಿಗೆ ಜ್ವರ ಬಿಡ್ತಾ, ಅಂದಳು, ಯಾರದೋ ದನಿಯ ಹಾಗೆ ಕೇಳಿಸಿತು, ಭಾವ ಹೆಗಲ ಮೇಲಿನ ಟವಲನ್ನು ಬಾಯಿಗೊತ್ತಿಕೊಂಡು ಆ ಕಡೆ ತಿರುಗಿದರು, ಭುಜ ಎರಡೂ ಅಲ್ಲಾಡಿದವು. ಮಧುಗಿರಿ ಬೆಟ್ಟ ಕಾಣುತ್ತಿದೆ, ಅದರಾಚೆಗೆ ಊರು, ಅಂಗಳದಲ್ಲಿ ಜನ, ಅವರ ಪಾದ ಈಗ ಸುಡುವುದಿಲ್ಲ, ಬಸ್ಸು ಒಂದು ಸಲ ಎಗರಬಾರದೆ, ಕೆಂಪು ಬಸ್ಸಿನ ಹಾಗೆ ತಲೆ ಕುಟ್ಟಿ ಎಬ್ಬಿಸಬಾರದೆ, ಇಲ್ಲ, ನೀರಿನ ಮೇಲೆ ತೇಲಿದ ಹಾಗೆ ಹೋಗುತ್ತಲೇ ಇದೆ, ಕೈ ಹೂವಿನ ತನಕ ಹೋಯಿತು, ಕಿತ್ತರೆ ನಿಜವಾಗಿಬಿಡುತ್ತದೆ, ಕೀಳದಿದ್ದರೆ ಊರು ಬರುವ ತನಕ ಅವರು — ಕೈ ಅಲ್ಲೇ ನಿಂತಿತು, ಹುಣಸೆಮರ, ಗಾಜಿನಲ್ಲಿ ಕನಕಾಂಬರ, ಬಿಸಿಲು, ಇಲ್ಲ, ಹುಣಸೆಮರ, ಕನಕಾಂಬರ, ಬಿಸಿಲು, ಇಲ್ಲ, ಹುಣಸೆಮರ, ಕನಕಾಂಬರ, ಕನಕಾಂಬರ —