ಜಯ ಒಬ್ಬನೇ ಸಾಕು

ಬಾಗಿಲು ಕಾಯುವವರು ಯಾವಾಗಲೂ ಇಬ್ಬರಿರಬೇಕು ಎಂಬ ವಿಷಯದಲ್ಲಿ ಯಾಮಿನಿಗೆ ಸಂಶಯವೇ ಇರಲಿಲ್ಲ. ಮೈಸೂರಿನಲ್ಲಿ ಹುಟ್ಟಿ ಬೆಳೆದವಳು. ಯಾವ ವಿಷ್ಣುವಿನ ಗುಡಿಗೆ ಹೋದರೂ ಗರ್ಭಗುಡಿಯ ಬಾಗಿಲಿನ ಆಚೆಗೊಬ್ಬ ಈಚೆಗೊಬ್ಬ ಜಯ ವಿಜಯರು ಗದೆ ಊರಿಕೊಂಡು ನಿಂತಿದ್ದನ್ನು ನೋಡಿದ್ದಳು. ಒಬ್ಬನೇ ದ್ವಾರಪಾಲಕನನ್ನು ಎಲ್ಲಾದರೂ ಕಂಡವರುಂಟೇ? ಹಾಗಾಗಿ ನಾರ್ತ್ ಕೆರೊಲೈನಾದ ಪಿಟ್ಸ್‌ಬರೋ ಊರಾಚೆಯ ತನ್ನ ಫಾರ್ಮಿಗೆ ಮೇಕೆ ಕಾಯಲು ಲಾಮಾ ಎಂಬ ಒಂಟೆ ಜಾತಿಯ ಪ್ರಾಣಿ ತರಲು ಹೋದಾಗ, ಲಾಮಾ ಸಾಕುವ ಬಾರ್ಬರಾ ಒಂದೇ ಸಾಕು, ಒಂದೇ ಇರಬೇಕು ಎಂದು ಬಡಕೊಂಡರೂ ಕಿವಿಗೆ ಹಾಕಿಕೊಳ್ಳದೆ ಎರಡನ್ನು ಟ್ರೇಲರ್ ಹತ್ತಿಸಿಕೊಂಡು ಬಂದಳು. ಬಿಳಿಯದಕ್ಕೆ ಜಯ ಎಂದೂ ಕಂದು ಬಣ್ಣದ್ದಕ್ಕೆ ವಿಜಯ ಎಂದೂ ಹೆಸರಿಟ್ಟಳು.

ಮೇಕೆ ಸಾಕುವ ಹುಚ್ಚು ಅವಳಿಗೆ ಕೋವಿಡ್ ಕಾಲದಲ್ಲಿ ಹತ್ತಿದ್ದು. ರಿಸರ್ಚ್ ಟ್ರಯಾಂಗಲ್ ಪಾರ್ಕಿನ ಔಷಧ ಕಂಪನಿಯೊಂದರಲ್ಲಿ ಅರ್ಧ ಆಯುಸ್ಸು ಕಳೆದವಳು ಒಂದು ದಿನ ಸಾಕೆಂದು ಬಿಟ್ಟು, ಈ ಜಾಗ ಕೊಂಡು, ಕುಳ್ಳ ಜಾತಿಯ ಹಾಲು ಮೇಕೆಗಳನ್ನು ತಂದುಕೊಂಡಳು. ಮದುವೆಯಾಗಿರಲಿಲ್ಲ. ಕಾರಿನಲ್ಲಿ ಐದು ಗಂಟೆ ದೂರದ ಆಶ್‌ಬರ್ನ್‌ನಲ್ಲಿದ್ದ ಅಣ್ಣ ಶಶಿಕಾಂತನಿಗೆ ಅದೇ ಒಂದು ಕೊರಗು. ಪ್ರತಿ ಭಾನುವಾರ ಫೋನ್ ಮಾಡಿ "ಒಬ್ಳೇ ಹೇಗಿರ್ತೀಯ?" ಎಂದು ಶುರುಮಾಡಿದರೆ ಮುಗಿಸುತ್ತಲೇ ಇರಲಿಲ್ಲ. ಕಯೋಟಿ ಬಂದು ಒಂದು ಮರಿಯನ್ನು ಎತ್ತಿಕೊಂಡು ಹೋದ ದಿನವಂತೂ ಅವನಿಗೆ ಹಿಡಿಯಲು ಜುಟ್ಟು ಸಿಕ್ಕಂತಾಯಿತು. ಈ ಕಯೋಟಿ ಎಂಬುದು ನರಿಗಿಂತ ದೊಡ್ಡದು, ತೋಳಕ್ಕಿಂತ ಚಿಕ್ಕದು, ಎರಡಕ್ಕಿಂತಲೂ ನಾಚಿಕೆಗೆಟ್ಟದ್ದು. ಅಣ್ಣನ ಬಾಯಿ ಮುಚ್ಚಿಸಲು ಯಾಮಿನಿ ಮಾತು ಕೊಟ್ಟುಬಿಟ್ಟಳು. ಲಾಮಾ ತರುತ್ತೇನೆ, ಆಮೇಲೂ ಮೇಕೆ ಹೋದರೆ ಎಲ್ಲ ಮಾರಿ ಆಶ್‌ಬರ್ನ್‌ಗೆ ಬರುತ್ತೇನೆ.

ಜಯ ವಿಜಯರು ನೋಡಲು ಬಲು ಚಂದ. ಒಂಟೆಯ ಮುಖ, ಡುಬ್ಬವಿಲ್ಲದ ಬೆನ್ನು, ಎಲ್ಲರನ್ನೂ ಕೀಳಾಗಿ ಕಾಣುವ ಕಣ್ಣು. ಆದರೆ ಕೆಲಸ ಮಾತ್ರ ಸೊನ್ನೆ. ಹೊಸದಾಗಿ ಮದುವೆಯಾದವರ ಹಾಗೆ ಇಬ್ಬರೂ ಹೊಲದ ಮೂಲೆಯೊಂದನ್ನು ಹಿಡಿದು, ಮೇಕೆಗಳಿಗೆ ಬೆನ್ನು ಹಾಕಿ, ಕತ್ತಿಗೆ ಕತ್ತು ತಾಗಿಸಿಕೊಂಡು ಮೆಲುಕು ಹಾಕುತ್ತಿದ್ದರು. ಹಾಗೆ ಮೆಲುಕು ಹಾಕುತ್ತಿರುವಾಗಲೇ ಒಂದು ಬೆಳಿಗ್ಗೆ ಇನ್ನೊಂದು ಮರಿ ಹೋಯಿತು. ಬೇಲಿಯ ಹತ್ತಿರ ರಕ್ತ ಕಂಡಾಗ ಯಾಮಿನಿ ಅಲ್ಲೇ ಕುಳಿತು ಅತ್ತಳು.

"ಮಾತು ಅಂದ್ರೆ ಮಾತು, ಯಾಮೂ," ಎಂದ ಅಣ್ಣ ಫೋನಿನಲ್ಲಿ. "ಕೆಳಗಡೆ ರೂಮ್ ಕ್ಲೀನ್ ಮಾಡ್ಸಿದೀನಿ. ಕಾರ್ಪೆಟ್ಟೂ ಹಾಕ್ಸಿದೀನಿ."

"ಯುಗಾದಿ ತನಕ ಟೈಮ್ ಕೊಡು ಅಣ್ಣ. ಆಮೇಲೆ ನೀನು ಹೇಳ್ದಂಗೆ."

ಆ ರೂಮು ಅವಳಿಗೆ ಗೊತ್ತಿತ್ತು. ನೆಲದ ಕೆಳಗೆ, ಇಡೀ ದಿನ ಲೈಟು ಹಾಕಿಕೊಂಡಿರಬೇಕಾದ ರೂಮು. ಅಣ್ಣನ ಪ್ರೀತಿ ಸುಳ್ಳಲ್ಲ, ಆದರೆ ನೆನೆಸಿಕೊಂಡರೇ ಉಸಿರು ಕಟ್ಟುತ್ತಿತ್ತು.

ಬಾರ್ಬರಾಳ ಹತ್ತಿರ ಹೋಗಿ ಕೇಳಿದಳು. ನಾನು ಮೊದಲೇ ಹೇಳಿದ್ದೆನಲ್ಲ ಎಂದು ಆಕೆ ಚುಚ್ಚಲಿಲ್ಲ. ಲಾಮಾಗಳಿಗೆ ಲಾಮಾ ಜೊತೆ ಸಿಕ್ಕಿದರೆ ಪ್ರಪಂಚವೇ ಬೇಡ, ಒಂದನ್ನೇ ಬಿಟ್ಟರೆ ಅದು ಮೇಕೆಗಳನ್ನೇ ತನ್ನ ಮನೆಯವರು ಅಂದುಕೊಳ್ಳುತ್ತದೆ ಎಂದು ಬಿಡಿಸಿ ಹೇಳಿದಳು. ಮಾರನೆಯ ದಿನ ವಿಜಯ ಬಾರ್ಬರಾಳ ಟ್ರೇಲರ್ ಹತ್ತಿ ಹೋದ.

ಜಯ ಗೇಟಿನ ಬಳಿ ನಿಂತುಬಿಟ್ಟ. ಮೂಗಿನಲ್ಲೇ ಹೂಂ, ಹೂಂ ಎಂದು ಸಣ್ಣಗೆ ಗುನುಗುತ್ತಿದ್ದ, ಹುಲ್ಲು ಮುಟ್ಟುತ್ತಿರಲಿಲ್ಲ. ಒಬ್ಬಳೇ ಇದ್ದೀಯ ಎಂದು ಜನ ಮರುಗಿದಾಗಲೆಲ್ಲ ಸಿಡುಕುತ್ತಿದ್ದ ಯಾಮಿನಿ ತಾನೇ ಇನ್ನೊಂದು ಜೀವವನ್ನು ಒಂಟಿ ಮಾಡಿದ್ದಳು. ಬಾರ್ಬರಾಳ ನಂಬರ್ ಒತ್ತಲು ಹೋಗಿ ಕೈ ಹಿಂದೆಗೆದಳು.

ಅಣ್ಣನ ಮಗಳು ಸುರಭಿ ವಿಡಿಯೋ ಕಾಲ್‌ನಲ್ಲಿ ಕೇಳಿದಳು: "ಅತ್ತೆ, ಜಯ ಈಗ ಒಂಟೆನಾ?"

"ಒಂಟೆ ಅಲ್ಲ ಕಣೇ, ಒಂಟಿ."

"ಬಟ್ ಹೀ ಈಸ್ ಕೈಂಡ್ ಆಫ್ ಎ ಕ್ಯಾಮೆಲ್, ರೈಟ್?"

ಅಷ್ಟು ದಿನಗಳಲ್ಲಿ ಯಾಮಿನಿ ನಕ್ಕಿದ್ದು ಆಗಲೇ.

ಮುಂದಿನ ವಾರ ಹಾಲು ಕರೆಯಲು ಹೋದಾಗ ಜಯ ಗೇಟಿನ ಬಳಿ ಇರಲಿಲ್ಲ. ಕೊಟ್ಟಿಗೆಯ ಮುಂದೆ ಕಾಲು ಮಡಚಿ ಕುಳಿತಿದ್ದ. ಎರಡು ಮರಿಗಳು ಅವನ ಬೆನ್ನ ಮೇಲೆ ಹತ್ತಿ ಇಳಿದು ಮಾಡುತ್ತಿದ್ದವು, ಒಂದು ಅವನ ಹೊಟ್ಟೆಗೆ ಒರಗಿ ನಿದ್ದೆ ಹೋಗಿತ್ತು. ಅವನು ಕಿವಿ ನೆಟ್ಟಗೆ ಮಾಡಿಕೊಂಡು ಕಾಡಿನ ಕಡೆಗೇ ನೋಡುತ್ತಿದ್ದ.

ಯುಗಾದಿಯ ವಾರಾಂತ್ಯಕ್ಕೆ ಶಶಿಕಾಂತ ಮಗಳನ್ನು ಕರೆದುಕೊಂಡು ಬಂದ. ರೇಷ್ಮೆ ಜುಬ್ಬಾ ಹಾಕಿಕೊಂಡಿದ್ದ. ಜಾಗ ಮಾರಿಸಿಕೊಡುವವನೊಬ್ಬನ ಜೊತೆ ಆಗಲೇ ಮಾತಾಡಿದ್ದೇನೆ ಎಂದ. ಯಾಮಿನಿ ಹೆಂಚಿನ ಮೇಲೆ ಹೋಳಿಗೆ ಹಾಕಿದಳು.

ಆಗಲೇ ಹೊಲದಿಂದ ಒಂದು ಕೂಗು ಬಂತು. ಕುದುರೆಯ ಕೆನೆತವೂ ಅಲ್ಲ, ಎಷ್ಟು ಕಿಕ್ ಹೊಡೆದರೂ ಸ್ಟಾರ್ಟ್ ಆಗದ ಹಳೇ ಸ್ಕೂಟರಿನ ಸದ್ದೂ ಅಲ್ಲ, ಎರಡನ್ನೂ ಕಲಸಿದಂಥದ್ದು. ಜಯ ಹಾಗೆ ಕೂಗಿದ್ದನ್ನು ಅವಳು ಒಮ್ಮೆಯೂ ಕೇಳಿರಲಿಲ್ಲ. ಕೈಯಲ್ಲಿದ್ದ ಸೌಟಿನ ಸಮೇತ ಓಡಿದಳು. ಹಿಂದೆ ಅಣ್ಣ, ಅವನ ಹಿಂದೆ ಸುರಭಿ.

ಹಾಡಹಗಲಲ್ಲಿ ಕಯೋಟಿ ಬೇಲಿಯ ಒಳಗಿತ್ತು. ಅದಕ್ಕೂ ಮರಿಗಳಿಗೂ ನಡುವೆ ಜಯ ನಿಂತಿದ್ದ. ಕಯೋಟಿ ಎಡಕ್ಕೆ ಸರಿದರೆ ಎಡಕ್ಕೆ, ಬಲಕ್ಕೆ ಸರಿದರೆ ಬಲಕ್ಕೆ. ಮೇಕೆಗಳೆಲ್ಲ ಅವನ ಬೆನ್ನ ಹಿಂದೆ ಒತ್ತೊತ್ತಾಗಿ ಸೇರಿಕೊಂಡಿದ್ದವು. ಕಯೋಟಿ ಇನ್ನೊಂದು ಹೆಜ್ಜೆ ಮುಂದಿಟ್ಟಿತು. ಜಯ ಕಿವಿ ಹಿಂದಕ್ಕೆ ಮಲಗಿಸಿ, ಕತ್ತು ಮುಂದೆ ಚಾಚಿ, ನೆಲ ನಡುಗುವಂತೆ ನುಗ್ಗಿದ. ಮುಂಗಾಲೆತ್ತಿ ಹೊಡೆದ ಏಟು ಪಕ್ಕೆಗೆ ಬಿತ್ತು. ಕಯೋಟಿ ಕುಂಯ್ಗುಟ್ಟಿ ಉರುಳಿ ಎದ್ದು, ಬಾಲ ಮುದುರಿಕೊಂಡು ಬೇಲಿಯ ಕೆಳಗೆ ನುಸುಳಿ ಕಾಡು ಸೇರಿತು. ಜಯ ಬೇಲಿಯವರೆಗೂ ಅಟ್ಟಿಸಿಕೊಂಡು ಹೋಗಿ, ಅದು ಹೋದ ದಿಕ್ಕಿಗೆ ಥೂ ಎಂದು ಉಗಿದ.

"ಹೊಡಿ ಜಯ! ಹಾಗೆ ಹೊಡಿ!" ಎಂದು ಯಾಮಿನಿ ಸೌಟೆತ್ತಿ ಕೂಗುತ್ತಿದ್ದಳು. ಸುರಭಿ ಕುಣಿಯುತ್ತಿದ್ದಳು. ಒಂದು ಮರಿಗೂ ಗೀರು ಸಹ ಬಿದ್ದಿರಲಿಲ್ಲ. ಜಯ ವಾಪಸ್ ಬಂದು ಪ್ರತಿಯೊಂದರ ಮುಖಕ್ಕೂ ಮೂಗು ತಾಗಿಸಿ ನೋಡಿದ. ಮೇಕೆಗಳದ್ದು ಮುಗಿದ ಮೇಲೆ ಯಾಮಿನಿಯ ಹತ್ತಿರ ಬಂದು ಅವಳ ಮುಖಕ್ಕೂ ತಾಗಿಸಿದ. ಅವಳು ಹೆಮ್ಮೆಯಿಂದ ಅವನ ಕತ್ತನ್ನು ತಬ್ಬಿಕೊಂಡಳು.

ಶಶಿಕಾಂತನ ಜುಬ್ಬಾಕ್ಕೆಲ್ಲ ಕೆಸರು ಸಿಡಿದಿತ್ತು. ಬಾಯಿ ತೆರೆದವನು ಮುಚ್ಚಿರಲಿಲ್ಲ. ಅಷ್ಟರಲ್ಲಿ ಅವನ ಫೋನ್ ಬಡಿದುಕೊಂಡಿತು. ಹೆಂಡತಿ. ಸ್ಪೀಕರ್‌ನಲ್ಲಿ ಅವಳ ದನಿ ಕೇಳಿತು: "ಹೊರಟ್ರಾ? ಯಾಮಿನಿ ಏನಂದ್ಲು?"

"ಅವಳು ಬರಲ್ಲ. ಬರೋದೂ ಬೇಡ."

"ಏನ್ರೀ ಹೀಗಂತೀರಾ? ಪಾಪ, ಒಬ್ಳೇ ಅಲ್ಲಿ ಹೇಗಿರ್ತಾಳೆ?"

ಶಶಿಕಾಂತ ಹೊಲದ ತುಂಬ ನೋಡಿದ. ತಂಗಿಯ ಹೆಗಲ ಮೇಲೆ ಲಾಮಾದ ಕತ್ತು, ಸೆರಗು ಜಗಿಯುತ್ತಿರುವ ಮರಿ, ಕಾಲ ಸುತ್ತ ಅರಚುತ್ತಿರುವ ಮೇಕೆಗಳು.

"ಒಬ್ಳೇ ಎಲ್ಲಿದಾಳೆ ಕಣೇ?" ಎಂದ.

ಈ ಮಾತನ್ನು ಅಣ್ಣನ ಬಾಯಿಂದ ಕೇಳಬೇಕೆಂದು ಯಾಮಿನಿ ಎಷ್ಟು ಭಾನುವಾರ ಕಾದಿದ್ದಳೋ. ಒಳಗೆ ಹೋಳಿಗೆ ಸೀಯುವ ವಾಸನೆ ಬರುತ್ತಿತ್ತು. ಸೀದರೆ ಸೀಯಲಿ ಎಂದು ಅವಳು ನಿಂತೇ ಇದ್ದಳು.